ಅಪ್ಪ ಕುಡಿತ ಬಿಟ್ಟ ಮೂರನೇ ದಿನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ನನ್ನಂಥವರಿಗೆ ಊರಿಂದ ಸಾಮಾನ್ಯವಾಗಿ ಮೂರು ಥರದ ಫೋನ್ ಬರುತ್ತೆ. ಮೊದಲನೆಯದು ಕೊಬ್ಬರಿ ರೇಟಿನದು. ಎರಡನೆಯದು ಮದುವೆ, ಗೃಹಪ್ರವೇಶ, ತಿಥಿಯದು. ಮೂರನೆಯದು ರಾತ್ರಿ ಎಂಟರ ಮೇಲೆ ಬರೋದು. ಅಮ್ಮನೋ ಅಕ್ಕನೋ ದನಿ ತಗ್ಗಿಸಿ, "ಇವತ್ತೂ ಕುಡ್ಕೊಂಡ್ ಬಂದವ್ರೆ ಕಣಪ್ಪ" ಅಂತಾರೆ. ನಾವು "ಹ್ಞೂಂ" ಅಂತೀವಿ. ಅದಕ್ಕಿಂತ ಹೆಚ್ಚು ಏನು ಹೇಳಬೇಕು ಅನ್ನೋದು ನಮಗೂ ಗೊತ್ತಿರಲ್ಲ.

ಆದರೆ ಅಪರೂಪಕ್ಕೆ ನಾಲ್ಕನೆಯ ಥರದ ಫೋನೂ ಬರುತ್ತೆ. "ನಿನ್ನೆಯಿಂದ ಮುಟ್ಟಿಲ್ಲ. ದೇವರ ಮೇಲೆ ಆಣೆ ಮಾಡಿ ಬಿಟ್ಟವ್ರೆ" ಅನ್ನೋ ಫೋನು. ಮನೆಯವರಿಗೆಲ್ಲ ಖುಷಿ, ನಮಗೂ ಖುಷಿ. ಈ ಲೇಖನ ಬರೀತಿರೋದು ಆ ನಾಲ್ಕನೆಯ ಫೋನಿನ ಬಗ್ಗೆ. ವರ್ಷಗಟ್ಟಲೆ ದಿನಾ ಕುಡಿದವರ ವಿಷಯದಲ್ಲಿ, ಬಿಟ್ಟ ನಂತರದ ಮೊದಲ ನಾಲ್ಕೈದು ದಿನ ಕುಡಿಯುತ್ತಿದ್ದ ದಿನಗಳಿಗಿಂತ ಹೆಚ್ಚು ಅಪಾಯದ್ದಾಗಿರಬಹುದು. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಅಟ್ಟದ ಮೇಲೆ ಕಳ್ಳರು

ನಮ್ಮ ದೊಡ್ಡಪ್ಪ ಇಪ್ಪತ್ತು ವರ್ಷ ಕುಡಿದವರು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೇ ಇದನ್ನು ಬರೆಯುತ್ತಿದ್ದೇನೆ. "ಹೆಸರು, ಊರು ಹಾಕ್ಬೇಡ, ಮಿಕ್ಕಿದ್ದು ಬರಿ. ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದರು.

ಅವರದು ಐದು ಎಕರೆ ತೋಟ. ಜಗಳಗಂಟರಲ್ಲ, ಹೆಂಡತಿ ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಂದಿಷ್ಟು ಹಾಕಿದರೆ ಕೈ ನಡುಕ ನಿಲ್ಲುತ್ತೆ ಅನ್ನೋ ಹಂತಕ್ಕೆ ಬಂದಿದ್ದರು, ಅಷ್ಟೆ. ಮಗಳ ಮದುವೆ ಗೊತ್ತಾದಾಗ ಯಾರೂ ಹೇಳದೇನೇ ಬಿಟ್ಟರು. ಮೊದಲ ದಿನ ಬೆವರು, ನಡುಕ, ವಾಂತಿ. ಎರಡನೇ ದಿನ ರಾತ್ರಿ ನಿದ್ದೆಯೇ ಇಲ್ಲ. ಮೂರನೇ ದಿನ ಸಂಜೆ ದೊಣ್ಣೆ ಹಿಡಿದು ಹಜಾರಕ್ಕೆ ಬಂದು ಕೂಗಾಡೋಕೆ ಶುರು ಮಾಡಿದರು. "ಅಟ್ಟದ ಮೇಲೆ ನಾಲ್ಕು ಜನ ಹತ್ಯವ್ರೆ, ಕಾಯಿ ಎಲ್ಲಾ ಕೆಳಗೆ ಇಳಿಸ್ತಾವ್ರೆ, ನೋಡ್ರೋ!" ಅಟ್ಟದ ಮೇಲೆ ಯಾರೂ ಇರಲಿಲ್ಲ. ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಕೈಯಲ್ಲಿ ಒರೆಸೋರು. ಗೋಡೆ ಮೇಲೆ ಏನೂ ಇರಲಿಲ್ಲ.

ಮನೇಲಿ ಎರಡು ಅಭಿಪ್ರಾಯ ಬಂತು. ಗಾಳಿ ಸೋಕಿದೆ, ಯಂತ್ರ ಕಟ್ಟಿಸೋಣ ಅನ್ನೋದು ಒಂದು. ಒಂದು ಕ್ವಾರ್ಟರ್ ತಂದು ಕುಡಿಸಿಬಿಡಿ, ಸರಿಹೋಗ್ತಾರೆ ಅನ್ನೋದು ಇನ್ನೊಂದು. ನೋಡೋಕೆ ಬಂದ ಊರಿನ ಆಶಾ ಕಾರ್ಯಕರ್ತೆ ಮಾತ್ರ, "ಯಾವಾಗಿಂದ ಕುಡ್ದಿಲ್ಲ?" ಅಂತ ಒಂದೇ ಪ್ರಶ್ನೆ ಕೇಳಿ ತಾನೇ 108ಕ್ಕೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಬದುಕಿಕೊಂಡರು.

ಡಾಕ್ಟರು ಹೇಳಿದ ಹೆಸರು ಡೆಲಿರಿಯಂ ಟ್ರೆಮೆನ್ಸ್. ಇದು ಹುಚ್ಚಲ್ಲ, ಗಾಳಿಯಲ್ಲ, ನಾಟಕವಂತೂ ಅಲ್ಲ.

ಒಳಗೆ ಆಗೋದೇನು?

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಬರೆಯೋನು. ನನಗೆ ಅರ್ಥವಾದ ರೀತಿಯಲ್ಲೇ ಹೇಳ್ತೀನಿ. ನಮ್ಮ ಮೆದುಳಿನಲ್ಲಿ ಬ್ರೇಕ್ ಇದೆ, ಆಕ್ಸಿಲರೇಟರ್ ಇದೆ. ಬ್ರೇಕಿನ ಕೆಲಸ ಮಾಡೋ ರಾಸಾಯನಿಕದ ಹೆಸರು ಗಾಬಾ, ಆಕ್ಸಿಲರೇಟರ್ ಕೆಲಸ ಮಾಡೋದು ಗ್ಲುಟಮೇಟ್. ಮದ್ಯ ಬ್ರೇಕನ್ನು ಒತ್ತುತ್ತೆ, ಅದಕ್ಕೇ ಕುಡಿದಾಗ ಮೈ ಸಡಿಲ ಅನಿಸೋದು. ದಿನಾ ಹೀಗೇ ಆದರೆ ಮೆದುಳು ಸಮತೋಲನಕ್ಕಾಗಿ ತನ್ನ ಬ್ರೇಕನ್ನು ಸಡಿಲ ಮಾಡಿ, ಆಕ್ಸಿಲರೇಟರನ್ನು ಏರಿಸಿಕೊಂಡೇ ಕೂತಿರುತ್ತೆ. ಒಂದು ದಿನ ಏಕಾಏಕಿ ಮದ್ಯ ನಿಂತರೆ? ಹೊರಗಿಂದ ಒತ್ತುತ್ತಿದ್ದ ಬ್ರೇಕ್ ಹೋಯಿತು, ಒಳಗಿನ ಆಕ್ಸಿಲರೇಟರ್ ಹಾಗೇ ಇದೆ. ಗಾಡಿ ಇಳಿಜಾರಲ್ಲಿ ಹೋದಂಗೆ.

ಇದಕ್ಕೊಂದು ವೇಳಾಪಟ್ಟಿಯೂ ಇದೆ. ಕೊನೆಯ ಸಲ ಕುಡಿದ ಆರು ಗಂಟೆಯಿಂದ ಒಂದು ದಿನದೊಳಗೆ ನಡುಕ, ಬೆವರು, ಗಾಬರಿ, ವಾಂತಿ ಶುರುವಾಗುತ್ತೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣೋದು, ಇಲ್ಲದ್ದು ಕೇಳೋದು, ಹಗಲು ರಾತ್ರಿ ಗೊತ್ತಾಗದೇ ಇರೋದು, ಜ್ವರ, ಎದೆಬಡಿತ ಏರೋದು. ಎಲ್ಲರಿಗೂ ಹೀಗಾಗಲ್ಲ. ಬಹಳ ಜನಕ್ಕೆ ನಡುಕ, ನಿದ್ದೆಗೇಡಿನಲ್ಲೇ ಮುಗಿಯುತ್ತೆ. ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಒಳ್ಳೆಯ ವಿಷಯ ಏನಂದರೆ ಇದಕ್ಕೆ ಔಷಧ ಇದೆ, ಹಳೆಯದು, ಅಗ್ಗದ್ದು. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಥರದ್ದನ್ನು ಡಾಕ್ಟರು ಮೊದಲು ಹೆಚ್ಚು ಕೊಟ್ಟು, ಕೆಲವು ದಿನಗಳಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1. ಕುಡಿಯೋರು ಸರಿಯಾಗಿ ಉಣ್ಣಲ್ಲ, ಉಂಡಿದ್ದರಲ್ಲೂ ಈ ವಿಟಮಿನ್ ಮೈಗೆ ಹತ್ತಲ್ಲ. ಇದರ ಕೊರತೆ ಇದ್ದವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಿ ನೆನಪು, ನಡಿಗೆ ಎರಡೂ ಕೆಡುವ ಅಪಾಯ ಇರುತ್ತೆ. "ಸುಸ್ತಾಗವ್ರೆ, ಒಂದು ಬಾಟಲ್ ಗ್ಲೂಕೋಸ್ ಹಾಕಿಸ್ಕೊಂಡ್ ಬರ್ತೀವಿ" ಅಂತ ಮನೆಯವರು ಹೊರಟಾಗ ನಾವು ಫೋನಿನಲ್ಲಿ ಹೇಳಬೇಕಾದ ಮಾತು ಇದು: ಇವರು ದಿನಾ ಎಷ್ಟು ಕುಡೀತಿದ್ದರು, ಕೊನೆಗೆ ಕುಡಿದಿದ್ದು ಯಾವಾಗ ಅನ್ನೋದನ್ನ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮರ್ಯಾದೆಗೆ ಅಂಜಿ "ಜ್ವರ" ಅಂತ ಹೇಳಿದರೆ ಜ್ವರಕ್ಕೇ ಔಷಧ ಸಿಗುತ್ತೆ.

ಸಾರಿಗೆ ಹಾಕುವ ಪುಡಿ

ಬಸ್ ಸ್ಟ್ಯಾಂಡ್ ಗೋಡೆ, ಕರೆಂಟ್ ಕಂಬ, ಈಗ ವಾಟ್ಸ್‌ಆ್ಯಪ್, ಎಲ್ಲಾ ಕಡೆ ಒಂದು ಜಾಹೀರಾತು ನೋಡಿರ್ತೀರ. "ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ." ಊಟದಲ್ಲಿ ಬೆರೆಸಿ ಕೊಡುವ ಪುಡಿ, ಮಾತ್ರೆ. ಸಾಕಾಗಿ ಹೋದ ಹೆಂಗಸರು ಇದನ್ನು ತರಿಸಿಕೊಳ್ಳೋದರಲ್ಲಿ ಆಶ್ಚರ್ಯ ಇಲ್ಲ. ಆದರೆ ಪುಡಿಯಲ್ಲಿ ಏನಿದೆ ಅನ್ನೋದು ಕೊಟ್ಟವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಡೈಸಲ್ಫಿರಾಮ್ ಅನ್ನೋ ಮಾತ್ರೆ ನಿಜವಾಗಿಯೂ ಇದೆ, ಡಾಕ್ಟರುಗಳೂ ಬರೆದುಕೊಡುತ್ತಾರೆ. ಅದು ದೇಹದಲ್ಲಿ ಮದ್ಯ ಪೂರ್ತಿ ಕರಗದಂತೆ ನಡುವಲ್ಲಿ ತಡೆಯುತ್ತೆ. ಮಾತ್ರೆ ತಗೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಎದೆ ಡವಡವ ಅಂದು, ಬಿಪಿ ಇಳಿಯುತ್ತೆ. ಹೃದಯದ ತೊಂದರೆ ಇದ್ದವರಿಗೆ ಇದು ಜೀವಕ್ಕೇ ಕುತ್ತು. ಅದಕ್ಕೇ ಈ ಮಾತ್ರೆಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ: ತಗೊಳ್ಳೋರಿಗೆ ಗೊತ್ತಿರಬೇಕು, ಅವರು ಒಪ್ಪಿರಬೇಕು, ಮೊದಲು ಪರೀಕ್ಷೆ ಆಗಿರಬೇಕು. ಗೊತ್ತಿಲ್ಲದೆ ಸಾರಿಗೆ ಬೆರೆಸಿದರೆ ಅದು ಚಿಕಿತ್ಸೆ ಅಲ್ಲ. ಕುಡಿಯುವ ಆಸೆ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನೋ ಬೇರೆ ಔಷಧಗಳೂ ಇವೆ. ಯಾರಿಗೆ ಯಾವುದು ಅನ್ನೋದನ್ನ ಮನೋವೈದ್ಯರು ನಿರ್ಧರಿಸಬೇಕು.

ರೇಟು ಏರಿದರೂ, ಇಳಿದರೂ

ನಮ್ಮ ಸೀಮೆಯಲ್ಲಿ ಕುಡಿತಕ್ಕೆ ಕಾರಣ ಕೇಳಿದರೆ ಸೋಮಾರಿತನ ಅಂದುಬಿಡ್ತಾರೆ. ಅದು ಸುಳ್ಳು ಅನ್ನೋದನ್ನ ಒಮ್ಮೆ ತೋಟಕ್ಕೆ ಹೋಗಿ ನೋಡಬೇಕು. ದಿನಕ್ಕೆ ಹತ್ತಾರು ಮರ ಹತ್ತಿ ಕಾಯಿ ಕೀಳೋರು, ಕೂತಲ್ಲೇ ಸಾವಿರಗಟ್ಟಲೆ ಕಾಯಿ ಸುಲಿಯೋರು, ಮಂಡಿಯಲ್ಲಿ ಕೊಬ್ಬರಿ ಚೀಲ ಹೊರೋರು: ಸಂಜೆ ಹೊತ್ತಿಗೆ ಇವರ ತೋಳು, ಸೊಂಟ ಏನಾಗಿರಬೇಕು? "ಮೈಕೈ ನೋವಿಗೆ" ಅಂತ ಶುರುವಾಗುತ್ತೆ. ಬಟವಾಡೆ ಕೈಗೆ ಬರೋ ಹೊತ್ತಿಗೂ ಅಂಗಡಿ ತೆರೆದಿರುತ್ತೆ. ನೋವು ಹೋಗಲ್ಲ, ಗೊತ್ತಾಗೋದು ಮಾತ್ರ ನಿಲ್ಲುತ್ತೆ. ಕುಡಿದ ಮಾರನೇ ದಿನ ಅರ್ಧ ನಡುಕದಲ್ಲಿ ಮರ ಹತ್ತೋದು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ.

ತೋಟದ ಯಜಮಾನರ ಕಥೆ ಬೇರೆ. ಉಂಡೆ ಕೊಬ್ಬರಿ ಬೆಲೆ ಬಿದ್ದಾಗ ಚಿಂತೆಗೆ ಕುಡಿತ. 2025ರಲ್ಲಿ ಕ್ವಿಂಟಲ್‌ಗೆ 25,000 ರೂಪಾಯಿ ದಾಟಿದಾಗ ಸಂತೋಷಕ್ಕೆ ಕುಡಿತ. ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಬಂದರೂ ಅಂಗಡಿ ದಾರಿ ಅದೇ.

ಸರ್ಕಾರಗಳ ದಾರಿಯೂ ನೇರ ಇಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ಅದೇ ಜನ ಅಗ್ಗದ ವಿಸ್ಕಿ, ರಮ್ಮಿನ ಟೆಟ್ರಾ ಪ್ಯಾಕಿಗೆ ಬಂದರು. 2025–26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ವರಮಾನದ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ತಡೆಯಲು ಸರ್ಕಾರ ಪ್ರಯತ್ನಿಸಬೇಕು ಅಂತ ಸಂವಿಧಾನದ 47ನೇ ವಿಧಿ ಹೇಳುತ್ತೆ. ಒಂದು ಕೈಗೆ ಗುರಿ, ಇನ್ನೊಂದು ಕೈಗೆ ಜಾಗೃತಿಯ ಪೋಸ್ಟರ್. 2019ರ ಜನವರಿಯಲ್ಲಿ ಉತ್ತರ ಕರ್ನಾಟಕವೂ ಸೇರಿ ಹಲವು ಕಡೆಯ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ನಡೆದವರ ಕಾಲಿನ ಬೊಬ್ಬೆ ನೋಡಿದವರಿಗೆ ಇದು ಬರೀ ನೀತಿಪಾಠದ ವಿಷಯ ಅಲ್ಲ ಅಂತ ಅರ್ಥವಾಗಿರುತ್ತೆ.

ಮನೆಯ ಲೆಕ್ಕ ಇನ್ನೂ ಸರಳ. ದಿನಕ್ಕೆ 200 ರೂಪಾಯಿ ಅಂದರೆ ವರ್ಷಕ್ಕೆ 73,000. 2025ರ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ಅಂತ ಹಿಡಿದರೆ ಆರು ಕ್ವಿಂಟಲ್ ಉಂಡೆ ಕೊಬ್ಬರಿ. ತೋಟ ಇಲ್ಲದ ಕೂಲಿಯವರ ಮನೆಯಲ್ಲಿ ಈ ದುಡ್ಡು ಮಕ್ಕಳ ಫೀಸು, ಅಮ್ಮನ ಶುಗರ್ ಮಾತ್ರೆ, ಧರ್ಮಸ್ಥಳ ಸಂಘದ ವಾರದ ಕಂತು.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಕುಡಿತದ ತೊಂದರೆಗೆ ಸಹಾಯ ಬೇಕಾದವರು 5.7 ಕೋಟಿ. ಅದಕ್ಕೆ ದಾಸರಾದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಮಿಕ್ಕ 37 ಜನರ ಮನೆಗಳಲ್ಲಿ ಆಣೆ, ಯಂತ್ರ, ಪುಡಿ, ಬೈಗುಳ ನಡೆದಿರುತ್ತೆ.

ಎಲ್ಲಿಗೆ ಕರ್ಕೊಂಡು ಹೋಗೋದು?

ದೊಡ್ಡಪ್ಪ ಎಂಟು ತಿಂಗಳಾದ ಮೇಲೆ ಒಂದು ಸಲ ಮತ್ತೆ ಕುಡಿದರು. ಆಗ ಯಾರದೋ ಮಾತು ಕೇಳಿ ಮನೆಯವರು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ಮೂರು ತಿಂಗಳ ದುಡ್ಡು ಮುಂಗಡ, ಫೋನ್ ಇಲ್ಲ, ಮನೆಯವರು ನೋಡೋ ಹಾಗಿಲ್ಲ, ಡಾಕ್ಟರು ಯಾರು ಅಂತ ಕೇಳಿದರೆ ಉತ್ತರ ಇಲ್ಲ. ಹದಿನೈದನೇ ದಿನ ದೊಡ್ಡಮ್ಮ ಹೋಗಿ ಗೇಟಿನ ಮುಂದೆ ಕೂತು ವಾಪಸ್ ಕರ್ಕೊಂಡು ಬಂದರು. ಕಾಲಲ್ಲಿ ಹಗ್ಗದ ಗುರುತು ಇತ್ತು.

ಇಂಥ ಜಾಗ ಕಂಡರೆ ನೆನಪಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಆಗುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಅಂತಲೇ ಒಪ್ಪುತ್ತೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿ ಆಗಿರಬೇಕು. ರೋಗಿಯನ್ನು ಸರಪಳಿ ಹಾಕಿ ಕಟ್ಟೋದು ಅಪರಾಧ. ಸೇರಿಸುವ ಮುಂಚೆ ಮೂರು ಪ್ರಶ್ನೆ ಕೇಳಿ: ನೋಂದಣಿ ಪತ್ರ ಎಲ್ಲಿ? ಮನೋವೈದ್ಯರು ಯಾರು, ಯಾವಾಗ ಬರ್ತಾರೆ? ಮನೆಯವರು ಯಾವಾಗ ಮಾತಾಡಬಹುದು? ಮೂರಕ್ಕೂ ನೇರ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಸರ್ಕಾರದ ದಾರಿ ನಾವು ಅಂದುಕೊಂಡಷ್ಟು ದೂರ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿದೆ. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೇ ಮಂಗಳವಾರ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲೂಕಿನಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟವರು ನಮ್ಮ ಕಡೆಯೂ ಇದ್ದಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಅದರ ದೊಡ್ಡ ಬಲ. ನನ್ನದೊಂದೇ ಸೂಚನೆ: ದಿನಾ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದವರನ್ನು, ಹಿಂದೆ ಫಿಟ್ಸ್ ಬಂದಿದ್ದವರನ್ನು ಯಾವ ಶಿಬಿರಕ್ಕೇ ಆಗಲಿ ಕಳಿಸುವ ಮುಂಚೆ ಡಾಕ್ಟರಿಗೆ ತೋರಿಸಿ.

ನಮ್ಮ ವೀಕೆಂಡಿನ ಲೆಕ್ಕ

ಇಷ್ಟು ಹೊತ್ತು ಊರಿನವರ ಬಗ್ಗೆ ಓದಿದಿರಿ. ಈಗ ನಮ್ಮ ಕಡೆ ನೋಡೋಣ. ಭಾರತದಲ್ಲಿ ಮದ್ಯದ ಒಂದು ಯೂನಿಟ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 42.8ರ ವಿಸ್ಕಿಯ 180 ಎಂ.ಎಲ್. ಕ್ವಾರ್ಟರಿನಲ್ಲಿ ಆರು ಯೂನಿಟ್ ಇರುತ್ತೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಎಂ.ಎಲ್. ಬಾಟಲಿಯಲ್ಲಿ ನಾಲ್ಕು. "ನಾನು ಬರೀ ಬಿಯರ್ ಮಗಾ" ಅಂತ ಶುಕ್ರವಾರ ರಾತ್ರಿ ಮೂರು ಬಾಟಲ್ ಮುಗಿಸೋನು ಎರಡು ಕ್ವಾರ್ಟರ್ ಕುಡಿದಂಗೆ ಆಯಿತು. ಮದ್ಯ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1988ರಲ್ಲೇ ಪಟ್ಟಿಗೆ ಸೇರಿಸಿದೆ. ಊರಿನ ಟೆಟ್ರಾ ಪ್ಯಾಕಿಗೂ ಇಂದಿರಾನಗರದ ಕ್ರಾಫ್ಟ್ ಬಿಯರಿಗೂ ಲಿವರ್ ಭೇದ ಮಾಡಲ್ಲ.

ಡಾಕ್ಟರುಗಳು ಬಳಸುವ ನಾಲ್ಕು ಸುಲಭ ಪ್ರಶ್ನೆ ಇವೆ. ಕುಡಿಯೋದು ಕಡಿಮೆ ಮಾಡಬೇಕು ಅಂತ ನಿಮಗೇ ಅನಿಸಿದೆಯಾ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಮಾತಾಡಿದರೆ ಸಿಟ್ಟು ಬರುತ್ತಾ? ಕುಡಿದ ಮೇಲೆ ತಪ್ಪು ಮಾಡಿದೆ ಅನ್ನೋ ಭಾವನೆ ಬಂದಿದೆಯಾ? ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಕಕ್ಕೋ ತಲೆನೋವಿಗೋ ಕುಡಿದಿದ್ದೀರಾ? ಎರಡಕ್ಕೆ "ಹೌದು" ಅಂದರೆ ಒಬ್ಬ ಡಾಕ್ಟರ ಹತ್ತಿರ ಮಾತಾಡೋ ಹೊತ್ತಾಗಿದೆ ಅಂತ ಅರ್ಥ.

ನಮ್ಮ ಫ್ಲ್ಯಾಟುಗಳಲ್ಲಿ ಗಾಂಜಾ, ಎಂಡಿಎಂಎ ಮಾತೂ ಬರುತ್ತೆ, ಸುಮ್ಮನೆ ಇಲ್ಲ ಅನ್ನೋದು ಬೇಡ. ಸ್ನೇಹಿತನೊಬ್ಬ ಸಿಕ್ಕಿಹಾಕಿಕೊಂಡಿದ್ದಾನೆ, ಹೇಳಿದರೆ ಪೊಲೀಸ್ ಕೇಸ್ ಆಗುತ್ತೆ ಅನ್ನೋ ಭಯದಲ್ಲೇ ಎಷ್ಟೋ ಜನ ಚಿಕಿತ್ಸೆಗೆ ಹೋಗಲ್ಲ. ಡಾಕ್ಟರ ಹತ್ತಿರ ಹೋಗೋದು ಅಪರಾಧ ಅಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗಬಹುದು. ಮಾರುವವರಿಗೆ ಇದು ಅನ್ವಯಿಸಲ್ಲ.

ಎಂಟು ದಿನ, ಹನ್ನೊಂದು ತಿಂಗಳು

ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಡೋವರೆಗೆ ಯಾರೂ ಅವಸರ ಮಾಡಲ್ಲ. ಇದು ನಮ್ಮ ಕಡೆ ಚಿಕ್ಕ ಹುಡುಗರಿಗೂ ಗೊತ್ತು. ಆದರೆ ಇಪ್ಪತ್ತು ವರ್ಷ ಕುಡಿದ ಮನುಷ್ಯನಿಗೆ ಎಂಟು ದಿನ ಕೊಟ್ಟು, ಒಂದು ಸಲ ಜಾರಿದರೆ "ಇವನ ಹಣೆಬರಹ ಇಷ್ಟೇ" ಅಂತ ಕೈ ಬಿಡ್ತೀವಿ. ಮೆದುಳು ತನ್ನ ಹಳೆಯ ಸಮತೋಲನಕ್ಕೆ ಬರೋಕೆ ತಿಂಗಳುಗಟ್ಟಲೆ ಬೇಕು. ಮತ್ತೆ ಕುಡಿಯೋದು ಈ ಕಾಯಿಲೆಯ ಭಾಗ. ಶುಗರ್ ಏರಿದರೆ ಡಾಕ್ಟರ ಹತ್ತಿರ ಮತ್ತೆ ಹೋಗಲ್ವಾ, ಹಾಗೇ ಇದೂ.

ದೊಡ್ಡಪ್ಪ ಈಗ ಕುಡಿಯದೆ ಎರಡು ವರ್ಷ ದಾಟಿದೆ. ಏನು ಸಹಾಯ ಮಾಡಿತು ಅಂತ ಕೇಳಿದೆ. ದೊಡ್ಡ ಕಾರಣ ಹೇಳ್ತಾರೆ ಅಂದುಕೊಂಡಿದ್ದೆ. "ಸಾಯಂಕಾಲ ಆರರಿಂದ ಎಂಟು ಕಳೆಯೋದು ಕಷ್ಟ ಕಣ್ಲಾ. ಆ ಹೊತ್ತಿಗೆ ಯಾರಾದ್ರೂ ಫೋನ್ ಮಾಡಿದ್ರೆ ಸಾಕಾಗ್ತಿತ್ತು" ಅಂದರು. ಈಗ ನಾವು ಅಣ್ಣತಮ್ಮಂದಿರು ಮೂರು ಜನ ವಾರ ಹಂಚಿಕೊಂಡಿದ್ದೀವಿ. ಮಾತಾಡೋದು ಕುಡಿತದ ಬಗ್ಗೆ ಅಲ್ಲ. ಮೋಟರ್ ಓಡ್ತಾ, ಕಾಯಿ ಎಷ್ಟು ಬಿತ್ತು, ಹಸು ಕರು ಹಾಕ್ತಾ, ಇಷ್ಟೇ.

ಹಾಗಾಗಿ ನಾಲ್ಕನೆಯ ಫೋನ್ ಬಂದರೆ ಖುಷಿಪಡಿ, ಆದರೆ ಆ ಹೊತ್ತೇ ಮೂರು ವಿಷಯ ಕೇಳಿ. ದಿನಾ ಎಷ್ಟು ಕುಡೀತಿದ್ದರು? ಕೊನೆಗೆ ಕುಡಿದು ಎಷ್ಟು ಗಂಟೆ ಆಯಿತು? ಹಿಂದೆ ಬಿಟ್ಟಾಗ ಫಿಟ್ಸ್, ಕನವರಿಕೆ ಆಗಿತ್ತಾ? ದಿನಾ ಕುಡಿಯೋರಾಗಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸೋಕೆ ಹೇಳಿ. ಫಿಟ್ಸ್ ಬಂದರೆ, ಇಲ್ಲದ್ದು ಕಾಣ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಾತಾಡಿ ದಾರಿ ಕೇಳೋಕೆ ಟೆಲಿ ಮನಸ್ ಇದೆ, 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಈ ನಂಬರುಗಳನ್ನು ಈಗಲೇ ಫೋನಿನಲ್ಲಿ ಉಳಿಸಿಕೊಂಡು, ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿ. ಗುಡ್ ಮಾರ್ನಿಂಗ್ ಮೆಸೇಜುಗಳ ಮಧ್ಯೆ ಯಾರಾದರೂ ಒಬ್ಬರು ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತಾರೆ.